ಹೆಸರಿಲ್ಲದ ಗುಂಡಿ

ಕನ್ನಡದಲ್ಲಿ ಗುಂಡಿಯೆಂಬ ಮಾತಿಗೆ ಎರಡು ಅರ್ಥ. ದೀಪ ಹೊತ್ತಿಸಲು ಒತ್ತುವುದೂ ಗುಂಡಿ, ದಾರಿಯಲ್ಲಿ ಕಾಲು ತಪ್ಪಿದಾಗ ಬೀಳುವುದೂ ಗುಂಡಿ. ಕಣ್ಣಿದ್ದವರು ಒಂದನ್ನು ಒತ್ತುತ್ತಾರೆ, ಇನ್ನೊಂದನ್ನು ದಾಟಿಹೋಗುತ್ತಾರೆ. ಕಣ್ಣಿಲ್ಲದವನ ಕೈಯಲ್ಲಿ ಇಂದಿನ ಮೊಬೈಲು ಫೋನನ್ನು ಇಟ್ಟು ನೋಡಿದರೆ ಈ ಎರಡು ಅರ್ಥಗಳೂ ಒಂದೇ ಆಗಿಬಿಡುವ ವಿಚಿತ್ರ ಕಾಣುತ್ತದೆ.

ಕೊಟ್ಟೂರಿನ ಒಂದು ಮನೆಯಲ್ಲಿ ಅಂಥ ತರುಣನೊಬ್ಬನಿದ್ದಾನೆಂದು ಇಟ್ಟುಕೊಳ್ಳಿ. ಓದಿದವನು, ಬುದ್ಧಿವಂತ. ಅವನ ಫೋನು ಪರದೆಯ ಮೇಲಿರುವುದನ್ನೆಲ್ಲ ಕನ್ನಡದಲ್ಲಿ ಓದಿ ಹೇಳುತ್ತದೆ. ಮಾಸಾಶನಕ್ಕೋ ವಿದ್ಯಾರ್ಥಿವೇತನಕ್ಕೋ ಅರ್ಜಿ ಹಾಕಬೇಕೆಂದು ಅವನು ಒಂದು ಆ್ಯಪನ್ನು ತೆರೆಯುತ್ತಾನೆ. ಹೆಸರು ಬರೆದದ್ದಾಯಿತು, ಊರು ಬರೆದದ್ದಾಯಿತು, ಬ್ಯಾಂಕಿನ ಖಾತೆಯ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಕೇಳಿ ಕೇಳಿ ತುಂಬಿದ್ದಾಯಿತು. ಅರ್ಧ ಗಂಟೆಯ ಕೆಲಸ. ಕೊನೆಗೆ ಬೆರಳು ಪುಟದ ಅಡಿಗೆ ಬರುತ್ತದೆ. ಅಲ್ಲಿ ಮೂರು ಗುಂಡಿಗಳಿವೆ. ಮೊದಲನೆಯದನ್ನು ಮುಟ್ಟಿದರೆ ಫೋನು ‘ಬಟನ್, ಹೆಸರಿಲ್ಲ’ ಎನ್ನುತ್ತದೆ. ಎರಡನೆಯದೂ ‘ಬಟನ್, ಹೆಸರಿಲ್ಲ’. ಮೂರನೆಯದೂ ಅದೇ. ಒಂದು ಅರ್ಜಿಯನ್ನು ಕಳಿಸುವ ಗುಂಡಿ, ಒಂದು ಹಿಂದಕ್ಕೆ ಹೋಗುವ ಗುಂಡಿ, ಇನ್ನೊಂದು ಎಲ್ಲವನ್ನೂ ಅಳಿಸುವ ಗುಂಡಿ. ಯಾವುದು ಯಾವುದೆಂದು ಕಣ್ಣಿಗೆ ತಿಳಿಯುತ್ತದೆ, ಅಲ್ಲಿ ಚಿತ್ರಗಳಿವೆ. ಕಿವಿಗೆ ತಿಳಿಯುವುದಿಲ್ಲ. ತರುಣ ದೇವರ ಮೇಲೆ ಭಾರ ಹಾಕಿ ಒಂದನ್ನು ಒತ್ತುತ್ತಾನೆ. ಅರ್ಧ ಗಂಟೆಯ ಕೆಲಸ ಅಳಿಸಿಹೋಗುತ್ತದೆ.

“ಹೋಗ್ಲಿ ಬಿಡೋ ತಮ್ಮಾ, ಅಂಗಡ್ಯಾಗ ಕೊಟ್ಟು ಮಾಡಿಸ್ಕೊಂಡು ಬಾ” ಎನ್ನುತ್ತಾಳೆ ತಾಯಿ.

“ದುಡ್ಡು ನಂದು, ಗುಟ್ಟು ಮಾತ್ರ ಊರಿಂದಾಗ್ತತಿ, ಯವ್ವಾ” ಎನ್ನುತ್ತಾನೆ ಮಗ.

ಈ ಒಂದು ಮಾತಿನಲ್ಲಿ ವಿಷಯದ ತಿರುಳೆಲ್ಲ ಇದೆ. ಅಂಗಡಿಯವನು ಒಳ್ಳೆಯವನೇ ಇರಬಹುದು. ಆದರೆ ಅವನ ಕೈಗೆ ಫೋನು ಕೊಡಬೇಕು, ಕಾರ್ಡು ಕೊಡಬೇಕು, ಫೋನಿಗೆ ಬಂದ ಗುಪ್ತಸಂಖ್ಯೆಯನ್ನು ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಬೇಕು. ಖಾತೆಯಲ್ಲಿ ಎಷ್ಟಿದೆ, ಎಷ್ಟು ಬಂತು, ಎಷ್ಟು ಹೋಯಿತು ಎಂಬುದು ಪರರಿಗೆ ತಿಳಿಯಬೇಕು. ಹಣದ ಮೇಲೆ ತನ್ನ ಅಧಿಕಾರ ಎಂದರೆ ಅದರ ಗುಟ್ಟಿನ ಮೇಲೂ ತನ್ನ ಅಧಿಕಾರವೇ ಅಲ್ಲವೆ? ಒಂದು ಗುಂಡಿಗೆ ಹೆಸರಿಡದೆ ಹೋದುದರಿಂದ ಆ ಅಧಿಕಾರ ಕೈತಪ್ಪುತ್ತದೆ.

ಇದು ಕೊಟ್ಟೂರೊಂದರ ಕಥೆಯಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಥೆಯೂ ಇದೇ. ಈ ಐದು ಊರುಗಳಿಗೆ ಕಚೇರಿಯ ದಾರಿ ಎಂದೂ ಸುಗಮವಾಗಿರಲಿಲ್ಲ. ಕೊಟ್ಟೂರು ತಾಲ್ಲೂಕಾದದ್ದು ಇತ್ತೀಚೆಗೆ. ಅದಕ್ಕೆ ಮೊದಲು ಅಲ್ಲಿಯವರು ಪ್ರತಿಯೊಂದು ಕಾಗದಕ್ಕೂ ಕೂಡ್ಲಿಗಿಯ ಬಸ್ಸು ಹಿಡಿಯಬೇಕಿತ್ತು. ಹರಪನಹಳ್ಳಿಯ ಪಾಡು ಇನ್ನೂ ಒಂದು ಬಗೆ. ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಆಮೇಲೆ ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದಾಗಲೆಲ್ಲ ಕಚೇರಿಯ ದಿಕ್ಕು ಬದಲಾಗುತ್ತದೆ. ಕೋಲು ಹಿಡಿದು ನಡೆಯುವವನು, ಗಾಲಿಕುರ್ಚಿಯಲ್ಲಿ ಕುಳಿತವನು ಹೊಸ ಮೆಟ್ಟಿಲುಗಳನ್ನು ಹೊಸದಾಗಿ ಎಣಿಸಬೇಕಾಗುತ್ತದೆ. ಇಂಥ ಪ್ರದೇಶಕ್ಕೆ ಅಂಗೈಯಲ್ಲೇ ಕಚೇರಿ ಬಂತೆಂದರೆ ಅದಕ್ಕಿಂತ ದೊಡ್ಡ ಉಪಕಾರ ಯಾವುದು? ಬಸ್ಸಿಲ್ಲ, ಸಾಲಿಲ್ಲ, ಮೆಟ್ಟಿಲಿಲ್ಲ. ಆದುದರಿಂದಲೇ ಆ ಅಂಗೈ ಕಚೇರಿಯ ಬಾಗಿಲೂ ಮುಚ್ಚಿದ್ದರೆ ಆಗುವ ನಿರಾಶೆ ಎರಡು ಪಟ್ಟು.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2 ಕೋಟಿ 68 ಲಕ್ಷ ಮಂದಿ ಅಂಗವಿಕಲರಿದ್ದರು. ಕರ್ನಾಟಕದಲ್ಲಿ 13 ಲಕ್ಷಕ್ಕೂ ಮಿಗಿಲು. ಆ ಎಣಿಕೆ ನಡೆದಾಗ ಜಾರಿಯಲ್ಲಿದ್ದ 1995ರ ಕಾಯಿದೆ ಗುರುತಿಸಿದ್ದ ವೈಕಲ್ಯಗಳು ಏಳು ಬಗೆ. 2016ರ ಕಾಯಿದೆ 21 ಬಗೆಗಳನ್ನು ಗುರುತಿಸಿದೆ. ಇವರಲ್ಲದೆ ವಯಸ್ಸಾಗಿ ಕಣ್ಣು ಮಂಜಾದವರು, ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕುಂದಿದವರು, ಕೀಲುನೋವಿನಿಂದ ಬೆರಳು ಮಡಿಸಲಾಗದವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಗರದ ಮನೆಗಳಲ್ಲಿ ಕುಳಿತು ಇದನ್ನು ಓದುತ್ತಿರುವವರು ತಮ್ಮ ಮನೆಯ ಹಿರಿಯರನ್ನೇ ಒಮ್ಮೆ ನೆನೆದುಕೊಳ್ಳಲಿ. ವಿದ್ಯುತ್ತಿನ ಬಿಲ್ಲು ಕಟ್ಟಲು ಮೊಮ್ಮಗನ ದಾರಿ ಕಾಯುವ ಅಜ್ಜ ಯಾರ ಮನೆಯಲ್ಲಿಲ್ಲ?

ಕಣ್ಣಿಲ್ಲದವನು ಗಾಜಿನ ನುಣುಪು ಹಲಗೆಯನ್ನು ಬಳಸುವುದಾದರೂ ಹೇಗೆಂದು ಹಲವರು ಬೆರಗಾಗುವುದುಂಟು. ಹಿಂದಿನ ಫೋನುಗಳಲ್ಲಿ ತಡವಿ ಗುರುತಿಸಲು ಉಬ್ಬಿದ ಕೀಲಿಗಳಿದ್ದವು. ಈಗ ಅವೂ ಇಲ್ಲ. ಉಪಾಯ ಬಹಳ ಸರಳವಾದುದು. ಆಂಡ್ರಾಯ್ಡ್ ಫೋನಿನಲ್ಲಿ ‘ಟಾಕ್‌ಬ್ಯಾಕ್’ ಎಂಬ ಸೌಲಭ್ಯವಿದೆ, ಐಫೋನಿನಲ್ಲಿ ‘ವಾಯ್ಸ್‌ಓವರ್’. ಇವು ಜೊತೆಯಲ್ಲಿಯೇ ಬರುತ್ತವೆ, ಬೇರೆ ಹಣ ಕೊಡಬೇಕಾಗಿಲ್ಲ. ಅದನ್ನು ಚಾಲನೆ ಮಾಡಿದ ಮೇಲೆ ಪರದೆಯ ನಡತೆಯೇ ಬದಲಾಗುತ್ತದೆ. ಒಮ್ಮೆ ಮುಟ್ಟಿದರೆ ಅಲ್ಲಿ ಏನಿದೆಯೆಂದು ಫೋನು ಹೇಳುತ್ತದೆ. ಎರಡು ಸಲ ತಟ್ಟಿದರೆ ಮಾತ್ರ ಅದನ್ನು ಮಾಡುತ್ತದೆ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದು, ಎಡಕ್ಕೆ ಸರಿಸಿದರೆ ಹಿಂದಿನದು. ಜಪಮಣಿಯನ್ನು ಒಂದೊಂದಾಗಿ ಎಳೆದಂತೆ ಪುಟವನ್ನೆಲ್ಲ ಬೆರಳು ಎಣಿಸಿಕೊಂಡು ಹೋಗುತ್ತದೆ.

ಆಂಡ್ರಾಯ್ಡ್ ಫೋನಿಗೆ ಈ ದನಿ ಬಂದ ಕಥೆಯಲ್ಲಿ ಭಾರತೀಯರೊಬ್ಬರ ಪಾಲಿದೆ. ಪುಣೆಯಲ್ಲಿ ಬೆಳೆದ ಟಿ. ವಿ. ರಾಮನ್ 14ನೆಯ ವಯಸ್ಸಿನಲ್ಲಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡರು. ಗಣಿತ ಓದಿ, ಮುಂಬಯಿಯ ಐ.ಐ.ಟಿ.ಯಲ್ಲಿ ಗಣಕಶಾಸ್ತ್ರ ಓದಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ 1994ರಲ್ಲಿ ಡಾಕ್ಟರೇಟ್ ಪಡೆದರು. ಗಣಿತದ ಸೂತ್ರಗಳನ್ನು ಕಿವಿಗೆ ತಿಳಿಯುವಂತೆ ಓದಿ ಹೇಳುವ ಯಂತ್ರವೇ ಅವರ ಪ್ರಬಂಧದ ವಿಷಯ. ಮುಂದೆ ಗೂಗಲ್ ಸಂಸ್ಥೆಯಲ್ಲಿ, ನೋಟವಿಲ್ಲದೆ ಬಳಸಬಹುದಾದ ಫೋನಿಗಾಗಿ ದುಡಿದವರಲ್ಲಿ ಅವರು ಪ್ರಮುಖರು. ಗಣಕಯಂತ್ರಕ್ಕೆ ಇಂಥದೇ ಉಪಕಾರ ಮಾಡಿದ ‘ಎನ್‌ವಿಡಿಎ’ ಎಂಬ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯದ ಅಂಧ ತರುಣ ಮೈಕಲ್ ಕರನ್. ಅವರ ಅಂಧ ಮಿತ್ರ ಜೇಮೀ ಟೆ ಜೊತೆಗೂಡಿದರು. ಬೆಲೆಬಾಳುವ ತಂತ್ರಾಂಶವನ್ನು ಕೊಳ್ಳಲಾರದವರಿಗಾಗಿ ಅದನ್ನು ಉಚಿತವಾಗಿ ಹಂಚಿದರು. ಕಣ್ಣಿಲ್ಲದವರೇ ಕಣ್ಣಿಲ್ಲದವರಿಗೆ ದಾರಿ ಕಡಿದ ಕಥೆಗಳಿವು. ಈ ಸೀಮೆಯವರಿಗೆ ಇದೇನೂ ಹೊಸತಲ್ಲ. ತುಂಗಭದ್ರೆಯ ಆಚೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಎಷ್ಟು ಅಂಧ ಬಾಲಕರ ಕೈಗೆ ತಂಬೂರಿಯಿತ್ತು ಬಾಳಿಗೆ ದಾರಿ ತೋರಿಸಿದರೆಂಬುದನ್ನು ಇಲ್ಲಿಯ ಹಳ್ಳಿಹಳ್ಳಿಯೂ ಬಲ್ಲದು.

ಹಾಗಾದರೆ ಫೋನು ಮಾತಾಡಲು ಕಲಿತ ಮೇಲೆ ತೊಂದರೆ ಎಲ್ಲಿ ಉಳಿಯಿತು? ಫೋನು ತನಗೆ ತಿಳಿದದ್ದನ್ನು ಮಾತ್ರ ಹೇಳಬಲ್ಲದು. ಗುಂಡಿಯ ಮೇಲೆ ಬರಿಯ ಚಿತ್ರವನ್ನಿಟ್ಟು ಅದರ ಹೆಸರನ್ನು ಒಳಗೆ ಬರೆಯದೆ ಹೋದರೆ, ಅದು ‘ಬಟನ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರ್ಣಿಕವೂ ಒಂದೇ ಮಾತಿನದು, ಒಗಟಿನಂಥದು. ಆದರೆ ಅದಕ್ಕೆ ಅರ್ಥ ಹೇಳುವವರು ಊರಿಗೆ ಹತ್ತು ಮಂದಿ ಇದ್ದಾರೆ. ಆ್ಯಪಿನ ಕಾರ್ಣಿಕಕ್ಕೆ ಅರ್ಥ ಹೇಳುವವರು ಯಾರು?

ಎರಡನೆಯ ತೊಡಕು ‘ನೀವು ಮನುಷ್ಯರೆಂದು ಸಾಧಿಸಿ’ ಎನ್ನುವ ಪರೀಕ್ಷೆ. ಸೊಟ್ಟಸೊಟ್ಟಾದ ಅಕ್ಷರಗಳ ಒಂದು ಚಿತ್ರವನ್ನು ತೋರಿಸಿ ಅದನ್ನು ಓದಿ ಬರೆಯಬೇಕೆನ್ನುತ್ತಾರೆ. ಯಂತ್ರ ಓದಬಾರದೆಂದೇ ಮಾಡಿದ ಚಿತ್ರವಾದುದರಿಂದ ಓದಿ ಹೇಳುವ ಯಂತ್ರವೂ ಅಲ್ಲಿ ಸೋಲುತ್ತದೆ. ಅಂಧ ಮನುಷ್ಯನು ಮನುಷ್ಯನೇ ಅಲ್ಲವೆಂದು ತೀರ್ಮಾನವಾಗುತ್ತದೆ! ಮೂರನೆಯದು ಅವಸರ. ಗುಪ್ತಸಂಖ್ಯೆ ಬಂದ ಮೇಲೆ ಅದನ್ನು ಕೇಳಿ, ನೆನಪಿಟ್ಟುಕೊಂಡು, ಮತ್ತೆ ಆ್ಯಪಿಗೆ ಮರಳಿ, ಜಾಗ ಹುಡುಕಿ ತುಂಬುವಷ್ಟರಲ್ಲಿ ಅವಧಿ ಮುಗಿದುಹೋಗುತ್ತದೆ.

ಕನ್ನಡಕ್ಕೇ ಮೀಸಲಾದ ತೊಡಕೂ ಒಂದುಂಟು. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡವನ್ನು ಗಣಕದಲ್ಲಿ ತೋರಿಸಲು ಒಂದು ಜಾಣ ಉಪಾಯ ಮಾಡಿದ್ದರು. ಒಳಗೆ ಇಂಗ್ಲಿಷ್ ಅಕ್ಷರದ ಸಂಕೇತ, ಹೊರಗೆ ಕನ್ನಡದ ಆಕಾರ. ಕಣ್ಣಿಗೆ ಅದು ಚೊಕ್ಕ ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಂಥ ಹಳೆಯ ಅಕ್ಷರವಿನ್ಯಾಸದಲ್ಲಿ ಅಚ್ಚು ಮಾಡಿದ ಸುತ್ತೋಲೆಯನ್ನು ಕಿವಿಗೊಟ್ಟು ಕೇಳಿದರೆ ಯಾವುದೋ ಭೂತ ಮಂತ್ರ ಹೇಳಿದಂತೆ ಕೇಳುತ್ತದೆ. ಇನ್ನು, ಕಾಗದದ ಮೇಲೆ ಅಚ್ಚಾದ ಆದೇಶದ ಬರಿಯ ಛಾಯಾಚಿತ್ರವನ್ನು ಏರಿಸಿಬಿಟ್ಟರೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಖಾಲಿ ಹಾಳೆಯೇ. ಇದಕ್ಕೆ ಮದ್ದೂ ಕನ್ನಡ ನೆಲದಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಜಿ. ರಾಮಕೃಷ್ಣನ್ ಅವರ ತಂಡ ಅಚ್ಚಾದ ಕನ್ನಡ ಪುಟವನ್ನು ಗುರುತಿಸಿ ಅಕ್ಷರವಾಗಿಸುವ ತಂತ್ರಾಂಶವನ್ನೂ, ಕನ್ನಡ ಬರಹವನ್ನು ಮಾತಾಗಿಸುವ ತಂತ್ರಾಂಶವನ್ನೂ ರೂಪಿಸಿದೆ. ಆದರೂ ರೋಗ ಬಂದ ಮೇಲೆ ಮದ್ದು ಅರೆಯುವುದಕ್ಕಿಂತ, ಮೊದಲೇ ಯೂನಿಕೋಡಿನಲ್ಲಿ ಬರೆದುಬಿಡುವುದು ಲೇಸು.

ಈವರೆಗೆ ಹೇಳಿದ್ದು ಕಣ್ಣಿನ ಮಾತು. ಕಿವಿ ಕೇಳದವರಿಗೆ ತೊಂದರೆ ಬೇರೆಯ ದಿಕ್ಕಿನಿಂದ ಬರುತ್ತದೆ. 2022ರ ಮಾರ್ಚಿಯಲ್ಲಿ ಸಾಧಾರಣ ಫೋನಿನಿಂದಲೂ ಕರೆ ಮಾಡಿ ಹಣ ಕಳಿಸುವ ‘ಯುಪಿಐ 123ಪೇ’ ಎಂಬ ಏರ್ಪಾಡು ಬಂತು. ಅಂಧನಿಗೆ ಅದು ಅನುಕೂಲ. ಕಿವುಡನಿಗೆ ಕರೆಯ ದನಿಯೇ ಗೋಡೆ. ಹೊಸ ಯೋಜನೆಯನ್ನು ಬರಿಯ ಮಾತಿನ ಚಲಚ್ಚಿತ್ರದಲ್ಲಿ ವಿವರಿಸಿದರೆ, ಕೆಳಗೆ ಅಕ್ಷರಗಳಿಲ್ಲದಿದ್ದರೆ, ಸನ್ನೆಭಾಷೆಯಿಲ್ಲದಿದ್ದರೆ ಅವನಿಗೆ ಕಾಣುವುದು ತುಟಿಗಳ ಕುಣಿತ ಮಾತ್ರ. ಕೈ ನಡುಗುವವನಿಗೆ ಸಾಸಿವೆಯಂಥ ಗುಂಡಿಗಳು ವೈರಿಗಳು. ಗುಂಡಿಯ ಅಗಲ ಎತ್ತರ ಸುಮಾರು 9 ಮಿಲಿಮೀಟರಾದರೂ ಇರಲಿ ಎಂಬುದು ಆಂಡ್ರಾಯ್ಡಿನವರ ಸಲಹೆ. ಬುದ್ಧಿಯ ಬೆಳವಣಿಗೆ ನಿಧಾನವಾದವರಿಗೆ ಕಾನೂನಿನ ಉದ್ದುದ್ದ ವಾಕ್ಯಗಳೇ ಮುಳ್ಳುಬೇಲಿ. ಒಬ್ಬನಿಗೆ ತೆರೆದ ಬಾಗಿಲು ಇನ್ನೊಬ್ಬನಿಗೆ ಗೋಡೆಯಾಗಬಹುದು. ಆದುದರಿಂದ ಬಾಗಿಲು ಒಂದಲ್ಲ, ಎರಡು ಮೂರು ಬೇಕು. ಕಂಡದ್ದನ್ನು ಕೇಳುವಂತೆ, ಕೇಳಿದ್ದನ್ನು ಕಾಣುವಂತೆ ಮಾಡಬೇಕೆಂಬುದೇ ಈ ಶಾಸ್ತ್ರದ ಮೊದಲ ಸೂತ್ರ.

ಕಾಯಿದೆ ಏನು ಹೇಳುತ್ತದೆ? ವಿಕಲಚೇತನರ ಹಕ್ಕುಗಳ 2016ರ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಮಾಹಿತಿ ಮತ್ತು ಸಂಪರ್ಕ ಸಾಧನಗಳು ಅವರಿಗೂ ಎಟುಕುವಂತಿರಬೇಕೆಂದು ಅದರ 42ನೆಯ ಕಲಮು ವಿಧಿಸುತ್ತದೆ. ಯಾವುದು ಎಟುಕುವಂಥದು ಎಂದು ಅಳೆಯಲು ‘ಐಎಸ್ 17802’ ಎಂಬ ಭಾರತೀಯ ಮಾನಕವೂ ಸಿದ್ಧವಾಗಿ, 2023ರಲ್ಲಿ ನಿಯಮಗಳಲ್ಲಿ ಸೇರಿತು. ಆದರೆ ನಿಯಮಗಳು ಕಡ್ಡಾಯವೋ ಉಪದೇಶವೋ ಎಂಬ ಗೊಂದಲ ಉಳಿದಿತ್ತು. ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರ್ 8ರಂದು, ಸುಗಮತೆಯ ನಿಯಮಗಳು ಬರಿಯ ಸಲಹೆಯಾಗಿರುವುದು ಕಾಯಿದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯ ನಿಯಮಗಳನ್ನು ರೂಪಿಸಲು ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳ ಗಡುವನ್ನು ಕೊಟ್ಟಿತು.

ಅದಕ್ಕಿಂತ ಮನಮುಟ್ಟುವುದು 2025ರ ಏಪ್ರಿಲ್ 30ರ ತೀರ್ಪು. ಆಮ್ಲದ ದಾಳಿಗೆ ತುತ್ತಾಗಿ ಮುಖ, ಕಣ್ಣುಗಳಿಗೆ ತೀವ್ರ ಗಾಯವಾಗಿದ್ದ ಪ್ರಜ್ಞಾ ಪ್ರಸೂನ್ ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದಾಗ, ಜೀವಂತ ವ್ಯಕ್ತಿಯೆಂದು ಸಾಧಿಸಲು ಫೋನಿನ ಕ್ಯಾಮೆರಾದೆದುರು ಕಣ್ಣು ಮಿಟುಕಿಸಬೇಕೆಂದರು. ಮಿಟುಕಿಸುವ ಶಕ್ತಿಯನ್ನೇ ದಾಳಿ ಕಸಿದುಕೊಂಡಿತ್ತು. ಎದುರಿಗೆ ನಿಂತ ಹೆಂಗಸು ಜೀವಂತಳೆಂಬುದು ಕೋಣೆಯಲ್ಲಿದ್ದವರಿಗೆಲ್ಲ ಕಾಣುತ್ತಿತ್ತು. ಯಂತ್ರಕ್ಕೆ ಮಾತ್ರ ಕಾಣಲಿಲ್ಲ. ಆಕೆಯ ಅರ್ಜಿಯ ಜೊತೆಗೆ ದೃಷ್ಟಿಯಿಲ್ಲದ ವಕೀಲ ಅಮರ್ ಜೈನ್ ಅವರ ಅರ್ಜಿಯನ್ನೂ ಕೇಳಿದ ನ್ಯಾಯಮೂರ್ತಿಗಳಾದ ಜೆ. ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗವೆಂದು ಸಾರಿದರು. 20 ನಿರ್ದೇಶನಗಳನ್ನು ಕೊಟ್ಟರು. ಜೀವಂತಿಕೆಯ ಪರೀಕ್ಷೆಗೆ ಕಣ್ಣು ಮಿಟುಕಿಸುವುದಲ್ಲದೆ ಬೇರೆ ದಾರಿಗಳೂ ಇರಬೇಕೆಂಬುದು ಅವುಗಳಲ್ಲಿ ಒಂದು.

ತೀರ್ಪು ದೆಹಲಿಯಲ್ಲಿ ಬರೆಯಲ್ಪಡುತ್ತದೆ. ಗುಂಡಿಗೆ ಹೆಸರು ಬರೆಯುವುದು ಮಾತ್ರ ಆ್ಯಪು ಕಟ್ಟುವ ಹುಡುಗನ ಮೇಜಿನ ಮೇಲೆ. ಅದಕ್ಕೆ ತಗಲುವ ವೆಚ್ಚವೆಷ್ಟು? ಒಂದು ಸಾಲು. ‘ಅರ್ಜಿ ಕಳಿಸಿ’ ಎಂಬ ಎರಡು ಪದಗಳನ್ನು ಗುಂಡಿಯ ಒಳಗೆ ಬರೆದಿಟ್ಟರೆ ಸಾಕು, ಕೊಟ್ಟೂರಿನ ತರುಣನ ಅರ್ಧ ಗಂಟೆ ಉಳಿಯುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಅಂತರ ನಾಲ್ಕೂವರೆಗೆ ಒಂದರಷ್ಟಾದರೂ ಇರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೊಂದು ಹೇಳುತ್ತದೆ. ಬೂದು ಕಾಗದದ ಮೇಲೆ ಬಿಳಿಯ ಸುಣ್ಣದಲ್ಲಿ ಬರೆದಂತಿರಬಾರದು ಎಂಬುದಷ್ಟೇ ಅದರ ಅರ್ಥ. ಹೆಸರಿಲ್ಲದ ಗುಂಡಿಗಳನ್ನು, ಮಸುಕು ಬಣ್ಣಗಳನ್ನು ಹುಡುಕಿ ಕೊಡುವ ಪರೀಕ್ಷಕ ತಂತ್ರಾಂಶಗಳೂ ಉಚಿತವಾಗಿ ದೊರೆಯುತ್ತವೆ. ಆದರೆ ಯಂತ್ರದ ಪರೀಕ್ಷೆಯೊಂದೇ ಸಾಲದು. ಗುಂಡಿಗೆ ‘ಗುಂಡಿ 3’ ಎಂದು ಹೆಸರಿಟ್ಟರೂ ಯಂತ್ರ ಒಪ್ಪಿಬಿಡುತ್ತದೆ, ಮನುಷ್ಯ ಒಪ್ಪುವುದಿಲ್ಲ. ಆದುದರಿಂದ ಆ್ಯಪು ಹೊರಬರುವ ಮೊದಲು ಕಣ್ಣಿಲ್ಲದವರ ಕೈಗೂ ಕಿವಿ ಕೇಳದವರ ಕೈಗೂ ಅದನ್ನು ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತು ನೋಡಬೇಕು. ಬೆಂಗಳೂರಿನಲ್ಲಿ ಮಾತ್ರವಲ್ಲ, ಕೂಡ್ಲಿಗಿಯ ಬಿಸಿಲಿನಲ್ಲಿ, ಹರಪನಹಳ್ಳಿಯ ಬಸ್ ನಿಲ್ದಾಣದ ಗದ್ದಲದಲ್ಲಿ ನೋಡಬೇಕು. ಇದಕ್ಕೆ ಜನರನ್ನು ಹುಡುಕುವುದೂ ಕಷ್ಟವಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ; ಯಾರ ಮನೆಯಲ್ಲಿ ಯಾರಿಗೆ ಯಾವ ತೊಂದರೆಯೆಂದು ಬಲ್ಲವರು ಅವರೇ.

‘ಕೆಲವೇ ಮಂದಿಗಾಗಿ ಇಷ್ಟು ಶ್ರಮವೆ?’ ಎಂಬ ಪ್ರಶ್ನೆ ಬರಬಹುದು. ಚರಿತ್ರೆ ಅದಕ್ಕೆ ಬೇರೆಯೇ ಉತ್ತರ ಕೊಡುತ್ತದೆ. ಇಟಲಿಯಲ್ಲಿ ಪೆಲ್ಲೆಗ್ರಿನೊ ತುರ್ರಿ ಎಂಬಾತ 19ನೆಯ ಶತಮಾನದ ಮೊದಲ ದಶಕದಲ್ಲಿ ಕಟ್ಟಿದ ಬೆರಳಚ್ಚು ಯಂತ್ರ ದೃಷ್ಟಿಯಿಲ್ಲದ ಮಹಿಳೆಯೊಬ್ಬಳು ಪತ್ರ ಬರೆಯಲೆಂದು ಮಾಡಿದುದು. ಅಂಥ ಯಂತ್ರ ಬೆಳೆದು ಬೆಳೆದು ಲೋಕದ ಕಚೇರಿಗಳನ್ನೆಲ್ಲ ಆಳಿತು. 1876ರಲ್ಲಿ ದೂರವಾಣಿಯ ಹಕ್ಕುಪತ್ರ ಪಡೆದ ಗ್ರಹಾಂ ಬೆಲ್ ಕಿವುಡ ಮಕ್ಕಳ ಉಪಾಧ್ಯಾಯ. ತಾಯಿಗೂ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ. ಒಬ್ಬರಿಗೆಂದು ತೋಡಿದ ಬಾವಿಯ ನೀರನ್ನು ಊರೆಲ್ಲ ಕುಡಿದಂತಾಯಿತು. ಆ್ಯಪಿನ ಮಾತೂ ಹಾಗೆಯೇ. ಎದ್ದು ಕಾಣುವ ಅಕ್ಷರಗಳು ನಡುಹಗಲಿನ ಬಿಸಿಲಿನಲ್ಲಿ ಹೊಲದ ಬದುವಿನ ಮೇಲೆ ನಿಂತ ಒಳ್ಳೆಯ ಕಣ್ಣಿನ ರೈತನಿಗೂ ಬೇಕು. ದೊಡ್ಡ ಗುಂಡಿ ಹಿಟ್ಟಿನ ಕೈಯ ಗೃಹಿಣಿಗೂ ಬೇಕು. ಮಾತಾಡುವ ಪುಟ ಓದು ಬಾರದ ಅಜ್ಜಿಗೂ ಬೇಕು. ಸರಳ ಕನ್ನಡವಂತೂ ಯಾರಿಗೆ ಬೇಡ?

ಕರ್ನಾಟಕಕ್ಕೆ ಈ ಹಾದಿ ಹೊಸದಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಕುರುಡ ಮಕ್ಕಳ ಶಾಲೆ ಆರಂಭವಾದದ್ದು 1901ರಲ್ಲಿ. ಭಾರತದ ಭಾಷೆಗಳಿಗೆಲ್ಲ ಒಂದೇ ಪದ್ಧತಿಯ ಭಾರತಿ ಬ್ರೈಲ್ 1951ರಲ್ಲಿ ಒಪ್ಪಿತವಾಗಿ, ಕನ್ನಡ ಅಕ್ಷರಗಳು ಆರು ಚುಕ್ಕಿಗಳಲ್ಲಿ ಬೆರಳಿಗೆ ಎಟುಕಿದವು. ಕಾಗದದ ಮೇಲೆ ಚುಕ್ಕಿ ಇಟ್ಟವರಿಗೆ ಗಾಜಿನ ಮೇಲೆ ಹೆಸರಿಡುವುದು ದೊಡ್ಡ ಮಾತೆ?

ಮಾಘಮಾಸದಲ್ಲಿ ಕೊಟ್ಟೂರಿನ ಗುರುಬಸವೇಶ್ವರನ ತೇರಿಗೆ ಸುತ್ತಲಿನ ಸೀಮೆಗಳಿಂದ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ದಾರಿಯ ಊರುಗಳವರು ನೀರು ಮಜ್ಜಿಗೆಗಳ ಅರವಟ್ಟಿಗೆ ಇಡುತ್ತಾರೆ, ಅನ್ನ ನೀಡುತ್ತಾರೆ. ನಡೆಯುವವನು ಯಾರೆಂದು ಕೇಳುವುದಿಲ್ಲ; ನಡೆಯಲು ಏನು ಬೇಕೆಂದು ಮಾತ್ರ ನೋಡುತ್ತಾರೆ. ಆ್ಯಪು ಕಟ್ಟುವವರಿಗೆ ಬೇಕಾದ ಶಾಸ್ತ್ರವೂ ಇಷ್ಟೇ.

ಕೊಟ್ಟೂರಿನ ಆ ತರುಣ ಇನ್ನೊಂದು ಸಂಜೆ ಮತ್ತೆ ಫೋನು ಹಿಡಿದು ಕುಳಿತಿದ್ದಾನೆಂದು ಇಟ್ಟುಕೊಳ್ಳಿ. ಈ ನಡುವೆ ಎಲ್ಲೋ ಯಾರೋ ಒಂದು ಸಾಲು ಬರೆದಿದ್ದಾರೆ. ಬೆರಳು ಪುಟದ ಅಡಿಗೆ ಬರುತ್ತದೆ. ‘ಅರ್ಜಿ ಕಳಿಸಿ, ಬಟನ್’ ಎನ್ನುತ್ತದೆ ಫೋನು. ಅವನು ಎರಡು ಸಲ ತಟ್ಟುತ್ತಾನೆ. ಒಳಗಿನಿಂದ ತಾಯಿ ಕೇಳುತ್ತಾಳೆ: “ಅಂಗಡಿಗೆ ಹೋಗೋದಿಲ್ಲೇನೋ, ತಮ್ಮಾ?”

“ಆತಬೇ ಯವ್ವಾ, ಇಲ್ಲೇ ಆತು” ಎನ್ನುತ್ತಾನೆ ಮಗ.